ಮುಗಿದ ಮೇಲೆ ನೋಡೋಣ

ಹೋದ ತಿಂಗಳು ಒಂದು ರಾತ್ರಿ ನನ್ನ 10 ವರ್ಷದ ಮಗಳು ಹಾಸಿಗೆಯಲ್ಲಿ ಧಡಕ್ಕನೆ ಎದ್ದು ಕೂತಳು. "ಅಮ್ಮಾ, ಈಗ ಗಾಳೀಲಿ ಕರಗಿ ಹೋಗಿದ್ದು ದೇವರಾ?"

ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದೆ. ಕೇಳುತ್ತಾಳೆ ಅಂತ ಗೊತ್ತಿತ್ತು. ಮೂರು ದಪ್ಪ ಪುಸ್ತಕ. ಏಳು ತಿಂಗಳಿಂದ ದಿನಾ ರಾತ್ರಿ ಅರ್ಧ ಗಂಟೆ ಅವಳಿಗೆ ಓದಿ ಹೇಳುತ್ತಾ ಬಂದಿದ್ದೆ. ಈ ಪುಟ ಹತ್ತಿರವಾದ ಹಾಗೆಲ್ಲ ನನಗೇ ಒಳಗೊಳಗೆ ಪುಕಪುಕ. ಆದರೂ ಉತ್ತರ ಮಾತ್ರ ತಯಾರಿರಲಿಲ್ಲ. "ಈಗ ಮಲಗು, ಶನಿವಾರ ಹೇಳ್ತೀನಿ" ಅಂದೆ. ಅಮ್ಮಂದಿರ ಹಳೇ ಉಪಾಯ ಇದು. ಅವಳಿಗೂ ಗೊತ್ತು.

ಪುಸ್ತಕ ಯಾವುದು ಅಂದರೆ, ಫಿಲಿಪ್ ಪುಲ್‌ಮನ್ ಬರೆದ 'ಹಿಸ್ ಡಾರ್ಕ್ ಮೆಟೀರಿಯಲ್ಸ್'. 1995, 1997 ಮತ್ತು 2000ದಲ್ಲಿ ಬಂದ ಮೂರು ಕಾದಂಬರಿಗಳು. ನಾವಿರುವುದು ಆಕ್ಸ್‌ಫರ್ಡ್‌ನಲ್ಲಿ. ಕಥೆ ಶುರುವಾಗುವುದೂ ಆಕ್ಸ್‌ಫರ್ಡ್‌ನಲ್ಲೇ, ಆದರೆ ಬೇರೊಂದು ಲೋಕದ ಆಕ್ಸ್‌ಫರ್ಡ್. ಅಲ್ಲಿ ಜೋರ್ಡನ್ ಅಂತ ಒಂದು ಕಾಲೇಜಿದೆ. ನಮ್ಮ ಲೋಕದಲ್ಲಿ ಅದೇ ಜಾಗದಲ್ಲಿ ಇರುವುದು ಎಕ್ಸಿಟರ್ ಕಾಲೇಜು. ಪುಲ್‌ಮನ್ ಓದಿದ್ದು ಅಲ್ಲಿಯೇ. ಹಾಗಾಗಿ ಆ ಕಾಲೇಜಿರುವ ಟರ್ಲ್ ಸ್ಟ್ರೀಟಿನಲ್ಲಿ ನಡೆಯುವಾಗ ನನ್ನ ಮಗಳು ಈಗ ದಾರಿ ನೋಡುವುದಿಲ್ಲ, ಛಾವಣಿ ನೋಡುತ್ತಾಳೆ. ಕಥೆಯ ಹುಡುಗಿ ಲೈರಾ ಅಲ್ಲೆಲ್ಲೋ ಹತ್ತಿ ಕೂತಿರಬಹುದು ಅಂತ. ಎರಡು ಸಲ ಕಂಬಕ್ಕೆ ಡಿಕ್ಕಿ ಹೊಡೆದಿದ್ದೂ ಆಯಿತು.

ಆ ಲೋಕದಲ್ಲಿ ಮನುಷ್ಯರ ಆತ್ಮ ದೇಹದ ಒಳಗಿರುವುದಿಲ್ಲ. ಒಂದು ಪ್ರಾಣಿಯ ರೂಪದಲ್ಲಿ ಹೊರಗೆ, ಪಕ್ಕದಲ್ಲೇ ಓಡಾಡಿಕೊಂಡಿರುತ್ತದೆ. ಅದಕ್ಕೆ ಡೀಮನ್ ಅಂತ ಹೆಸರು. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ಹಾಕುತ್ತದೆ: ಈಗ ಪತಂಗ, ಈಗ ಮುಂಗುಸಿ. ಮಕ್ಕಳು ದೊಡ್ಡವರಾದಾಗ ಯಾವುದೋ ಒಂದು ರೂಪದಲ್ಲಿ ನಿಂತುಬಿಡುತ್ತದೆ, ಆಮೇಲೆ ಬದಲಾಗುವುದಿಲ್ಲ. ಇದನ್ನು ವಿವರಿಸಲು ನನಗೆ ಕಷ್ಟವೇ ಆಗಲಿಲ್ಲ. ಏಳು ಸಮುದ್ರದಾಚೆ, ಮರದ ಪೊಟರೆಯ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವಳು ನಾನು. ವ್ಯತ್ಯಾಸ ಇಷ್ಟೇ. ನಮ್ಮ ರಾಕ್ಷಸ ಗಿಳಿಯನ್ನು ದೂರ ಬಚ್ಚಿಡುತ್ತಾನೆ, ಲೈರಾ ಅದರ ಜೊತೆ ದಿನವಿಡೀ ಹರಟುತ್ತಾಳೆ, ಜಗಳ ಆಡುತ್ತಾಳೆ.

ಇನ್ನು ಆ ಪುಟದ ವಿಷಯ. ಕಥೆ ಬಿಟ್ಟುಕೊಡುತ್ತಿದ್ದೇನೆ, ಕ್ಷಮಿಸಿ. ಪುಸ್ತಕ ಬಂದು 25 ವರ್ಷ ಆಗಿದೆ, ಪರವಾಗಿಲ್ಲ ಅಲ್ವಾ.

ದೇವರನ್ನು ಕೊಲ್ಲುವ ಪುಸ್ತಕ ಅಂತ ಇದಕ್ಕೆ ಹೆಸರು ಬಂದಿದೆ. ನಾನೂ ಹಾಗೇ ಅಂದುಕೊಂಡು ಓದಲು ಕೂತಿದ್ದೆ. ದೊಡ್ಡ ಯುದ್ಧ, ಕತ್ತಿ, ಸಿಂಹಾಸನ ಉರುಳುವುದು, ಏನೇನೋ ಊಹಿಸಿಕೊಂಡಿದ್ದೆ. ಯುದ್ಧವೇನೋ ಇದೆ. ಆದರೆ ಆ ಗಳಿಗೆ ಬಂದಾಗ ಅಲ್ಲಿರುವುದು ಗಾಜಿನಂಥ ಪಲ್ಲಕ್ಕಿಯೊಳಗೆ ಸಿಕ್ಕಿಕೊಂಡ ಒಬ್ಬ ಮುದುಕ. ಎಷ್ಟು ಮುದುಕ ಅಂದರೆ ಅವನಿಗೆ ತಾನು ಯಾರೆಂಬುದೇ ಮರೆತಿದೆ. ಹೆದರಿ ಮಗುವಿನ ಹಾಗೆ ಅಳುತ್ತಿದ್ದಾನೆ. ಲೈರಾ ಮತ್ತು ವಿಲ್ ಅನ್ನುವ ಹುಡುಗ ಅವನನ್ನು ಕಂಡು ಅಯ್ಯೋ ಪಾಪ ಅಂದುಕೊಂಡು, ಪಲ್ಲಕ್ಕಿ ಸೀಳಿ, ಕೈ ಹಿಡಿದು ಹೊರಗೆ ಇಳಿಸುತ್ತಾರೆ. ಅವನು ಯಾರೆಂದು ಅವರಿಗೆ ಗೊತ್ತಿಲ್ಲ. ಹೊರಗಿನ ಗಾಳಿ ಸೋಕಿದ್ದೇ ತಡ, ಅವನು ಹೊಗೆಯ ಹಾಗೆ ಕರಗಿ ಹೋಗುತ್ತಾನೆ. ಸಂಕಟದಿಂದ ಅಲ್ಲ. ಅಬ್ಬ, ಸಾಕಪ್ಪಾ ಅನ್ನುವ ಹಾಗೆ.

ಇದನ್ನು ಕೊಲೆ ಅಂತ ಹೇಗೆ ಕರೆಯುತ್ತಾರೋ ನನಗೆ ತಿಳಿಯದು. ನನಗೆ ಕಂಡಿದ್ದು ಆಸ್ಪತ್ರೆಯ ಮಂಚದಿಂದ ಮುದುಕರನ್ನು ಕೈಹಿಡಿದು ಇಳಿಸುವ ಮೊಮ್ಮಕ್ಕಳು. ಅಲ್ಲಿಗೇ ನನ್ನ ಓದು ಮುಗ್ಗರಿಸಿತು. ಯಾಕೆ ಅಂದರೆ ನನ್ನ ದೇವರು ಕಳೆದುಹೋದದ್ದು ಅಂಥದ್ದೇ ಒಂದು ಮಂಚದ ಪಕ್ಕದಲ್ಲಿ.

ನನಗಾಗ 12 ವರ್ಷ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೊಡ್ಡ ಅಕ್ಷರದ ಕನ್ನಡ ಭಾಗವತ ಒಂದು ಅವರ ಹತ್ತಿರ ಇತ್ತು, ದಿನಾ ಸಂಜೆ ಸ್ವಲ್ಪ ಓದುವುದು ಅವರ ಅಭ್ಯಾಸ. ದೊಡ್ಡ ಅಕ್ಷರವೂ ಕಾಣದಂತಾದಾಗ ಓದುವ ಕೆಲಸ ನನಗೆ ಬಂತು. ದೀಪ ಹಚ್ಚಿದ ಮೇಲೆ ಅವರ ಪಕ್ಕ ಕೂತು ಗಟ್ಟಿಯಾಗಿ ಓದಬೇಕು. ಮೊದಮೊದಲು ಬೇಜಾರು. ಪುಟ ಹಾರಿಸಿ ಓದುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ "ಮಧ್ಯೆ ಏನೋ ಬಿಟ್ಟೆಯಲ್ಲ ಪುಟ್ಟಿ" ಅನ್ನುತ್ತಿದ್ದರು. ಎಲ್ಲವೂ ಬಾಯಿಪಾಠ! ಬಾಯಿಪಾಠ ಇರುವುದನ್ನು ಯಾಕೆ ಓದಿಸುತ್ತಾರೆ ಅಂತ ಆಗ ಅರ್ಥವಾಗುತ್ತಿರಲಿಲ್ಲ.

ಬರಬರುತ್ತಾ ರುಚಿ ಹತ್ತಿತು. ಪ್ರಹ್ಲಾದನ ಕಥೆ ಬಂದಾಗ ಅಂತೂ ಎರಡು ಸಲ ಓದಿದೆ. ಆದರೆ ಒಂದು ತೊಂದರೆ ಆಯಿತು. ಹಿರಣ್ಯಕಶಿಪು ಕೇಳಿದ ಪ್ರಶ್ನೆ ನನಗೆ ತಪ್ಪು ಅನ್ನಿಸಲೇ ಇಲ್ಲ. ಎಲ್ಲ ಕಡೆ ಇದ್ದಾನೆ ಅಂತೀಯಲ್ಲ, ಹಾಗಾದರೆ ಈ ಕಂಬದಲ್ಲಿ ಇದ್ದಾನಾ? ನ್ಯಾಯವಾದ ಪ್ರಶ್ನೆ ತಾನೆ? ಕೇಳಿದವನು ಕೆಟ್ಟವನು ಅನ್ನುವುದು ಬೇರೆ ಮಾತು. ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಮ್ಮ ಮನೆಯ ಪಡಸಾಲೆಯ ಕಂಬಕ್ಕೆ ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಡಿದೆ. ಜೋರಾಗಿ ಬಡಿಯಲು ಹೆದರಿಕೆ. ಒಡೆದು ಬಂದರೆ ಏನು ಗತಿ! ನಾನು ಪ್ರಹ್ಲಾದನ ಪಕ್ಷವೋ ಅವರಪ್ಪನ ಪಕ್ಷವೋ ಅಂತ ನನಗೇ ಖಾತ್ರಿ ಇರಲಿಲ್ಲ.

ಅವತ್ತು ಸಂಜೆ ಅಜ್ಜಿಯನ್ನು ಕೇಳಿದೆ. "ಅಜ್ಜೀ, ಇದೆಲ್ಲ ನಿಜವಾ?"

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಓದು, ಓದು. ನಿಜವೋ ಸುಳ್ಳೋ ಮುಗಿದ ಮೇಲೆ ನೋಡೋಣ" ಅಂದರು.

ಆಮೇಲೆ ಆಪರೇಷನ್ ದಿನ ಗೊತ್ತಾಯಿತು. ನಾನು ದೇವರ ಮುಂದೆ ನಿಂತು ಒಂದು ಒಪ್ಪಂದ ಮಾಡಿಕೊಂಡೆ. ಅಜ್ಜಿಗೆ ಕಣ್ಣು ಬರಲಿ, ಇನ್ನು ಮೇಲೆ ಒಂದು ಪುಟವನ್ನೂ ಹಾರಿಸುವುದಿಲ್ಲ, ಕಂಬದ ವಿಷಯ ಯೋಚನೆಯನ್ನೂ ಮಾಡುವುದಿಲ್ಲ. ನಾನು ಮನಸ್ಸಿಟ್ಟು ಮಾಡಿದ ಮೊದಲ ಪ್ರಾರ್ಥನೆ ಅದು.

ಫಲಿಸಿತು! ಪಟ್ಟಿ ಬಿಚ್ಚಿದಾಗ ಅಜ್ಜಿ ಮೊದಲು ನೋಡಿದ್ದು ನನ್ನನ್ನು. "ಏನೇ ಇದು, ಇಷ್ಟು ಬಡಕಲಾಗಿದ್ದೀಯ" ಅಂದರು. ಎಲ್ಲರೂ ನಕ್ಕರು, ಅಮ್ಮ ಕಣ್ಣೊರೆಸಿಕೊಂಡರು.

ಪಕ್ಕದ ಮಂಚದಲ್ಲಿ ಇನ್ನೊಬ್ಬ ಅಜ್ಜಿ ಇದ್ದರು. ಅವರ ಜೊತೆಗೂ ನನ್ನಷ್ಟೇ ವಯಸ್ಸಿನ ಮೊಮ್ಮಗಳು. ನಾವಿಬ್ಬರೂ ಎರಡು ದಿನದಲ್ಲಿ ಗೆಳತಿಯರಾಗಿದ್ದೆವು. ಅವಳ ಮುಷ್ಟಿಯಲ್ಲಿ ಯಾವಾಗಲೂ ಮಡಚಿದ ಒಂದು ಕಾಗದ, ಅದರೊಳಗೆ ಕುಂಕುಮ. ನನಗಿಂತ ಜಾಸ್ತಿ ಬೇಡಿಕೊಂಡಿದ್ದಳು ಅವಳು, ನಾನೇ ನೋಡಿದ್ದೆ. ಅವಳ ಅಜ್ಜಿಯ ಪಟ್ಟಿಯನ್ನೂ ಅದೇ ದಿನ ಬಿಚ್ಚಿದರು. ಅವರಿಗೆ ಏನೂ ಕಾಣಲಿಲ್ಲ. ಪೊರೆಯ ಹಿಂದೆ ಕಣ್ಣಿನ ನರವೇ ಒಣಗಿದೆ, ಪೊರೆ ತೆಗೆದರೂ ಬೆಳಕು ಒಳಗೆ ಹೋಗುವುದಿಲ್ಲ ಅಂತ ಡಾಕ್ಟರು ಹೇಳುತ್ತಿದ್ದುದು ನೆನಪಿದೆ. ಅದು ಗ್ಲಾಕೋಮಾ ಇದ್ದಿರಬೇಕು ಅಂತ ಈಗ ಅಂದುಕೊಳ್ಳುತ್ತೇನೆ. ಪೊರೆಯಾದರೆ ಮಸುಕಾದ ಮಸೂರ ತೆಗೆದು ಬೇರೆ ಮಸೂರ ಹಾಕಬಹುದು. ನರ ಹಾಳಾದರೆ ಮತ್ತೆ ಬರುವುದಿಲ್ಲ. ಇದರಲ್ಲಿ ಯಾರ ಪ್ರಾರ್ಥನೆಯ ತಪ್ಪೂ ಇಲ್ಲ, ಒಪ್ಪೂ ಇಲ್ಲ. ಆದರೆ 12 ವರ್ಷದವಳಿಗೆ ಕಂಡಿದ್ದು ಇಷ್ಟೇ: ಆ ಹುಡುಗಿ ಕಾಗದ ಬಿಚ್ಚಿ ಕುಂಕುಮವನ್ನು ನೋಡಿದಳು, ಮತ್ತೆ ಮಡಚಿದಳು. ನನ್ನ ಕಡೆ ನೋಡಲಿಲ್ಲ.

ಬೇಡಿಕೊಂಡಿದ್ದು ಸಿಗದೆ ದೇವರ ಮೇಲೆ ಮುನಿಸಿಕೊಂಡವರ ಕಥೆ ಬೇಕಾದಷ್ಟಿವೆ. ನನ್ನದು ಉಲ್ಟಾ. ನನಗೆ ಸಿಕ್ಕಿತು, ಅದಕ್ಕೇ ಅನುಮಾನ ಹುಟ್ಟಿತು. ಇದನ್ನು ಯಾರ ಹತ್ತಿರ ಹೇಳುವುದು? "ಅಜ್ಜಿಗೆ ಕಣ್ಣು ಬಂತು, ಹಾಗಾಗಿ ದೇವರಿಲ್ಲ ಅನ್ಸುತ್ತೆ" ಅಂದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಹೇಳಬಹುದಾಗಿದ್ದ ಒಬ್ಬರೇ ಒಬ್ಬರು ಅಜ್ಜಿ. ಆದರೆ ಮನೆಗೆ ಬಂದ ಮೇಲೆ ಅವರು ದಪ್ಪ ಕನ್ನಡಕ ಹಾಕಿಕೊಂಡು ತಾವೇ ಭಾಗವತ ಓದತೊಡಗಿದರು. ನನ್ನ ಕೆಲಸ ಹೋಯಿತು. ಸಂಜೆ ಅವರ ಪಕ್ಕ ಕೂರುವ ನೆಪವೂ ಹೋಯಿತು. ಪುಸ್ತಕ ಮುಗಿಯಿತಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ಹೋದರು.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎಲ್ಲರೂ ಕೈ ಮುಗಿದಾಗ ನಾನೂ ಮುಗಿಯುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲಿ ಮಗ್ಗಿ ಹೇಳುತ್ತಿದ್ದೆ. ಹದಿನೇಳರ ಮಗ್ಗಿ ನನಗೆ ಇವತ್ತಿಗೂ ಪಕ್ಕಾ ಬರುತ್ತದೆ.

ಇಂಗ್ಲೆಂಡಿಗೆ ಬಂದಾಗ ಇನ್ನು ಈ ನಾಟಕ ಬೇಕಾಗಿಲ್ಲ ಅಂದುಕೊಂಡೆ. ಇಲ್ಲಿ ಯಾರಿಗೂ ಅದೆಲ್ಲ ಬೇಕಿಲ್ಲ ಅನ್ನುವ ಕಲ್ಪನೆ ನನಗಿತ್ತು, ನಿಮಗೂ ಇರಬಹುದು. ಅರ್ಧ ನಿಜ ಅಷ್ಟೇ. ಇಲ್ಲಿನ ಕಾನೂನಿನ ಪ್ರಕಾರ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲೂ ಮಕ್ಕಳಿಗೆ ದಿನಾ ಸಾಮೂಹಿಕ ಪ್ರಾರ್ಥನೆ ಇರಬೇಕು. ಚರ್ಚಿನ ಶಾಲೆ ಅಲ್ಲದಿದ್ದರೂ ಅದು ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕು ಅನ್ನುವ ನಿಯಮ 1988ರ ಶಿಕ್ಷಣ ಕಾಯ್ದೆಯಲ್ಲಿ ಬಂತು, ಈಗಲೂ ಇದೆ. ಬೇಡವಾದರೆ ಮಗುವನ್ನು ಅದರಿಂದ ಬಿಡಿಸಿ ಅಂತ ಪಾಲಕರು ಕೇಳಬಹುದು. ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಕೇಳುವ ಪತ್ರ ಬರೆದು ಚೀಲದಲ್ಲಿಟ್ಟುಕೊಂಡು ಎರಡು ವಾರ ಓಡಾಡಿದೆ. ಅಷ್ಟರಲ್ಲಿ ಡಿಸೆಂಬರ್ ಬಂತು, ಯೇಸು ಹುಟ್ಟಿದ ನಾಟಕದಲ್ಲಿ ಮಗಳಿಗೆ ಕುರಿಯ ಪಾತ್ರ ಸಿಕ್ಕಿತು. ಹತ್ತಿ ಅಂಟಿಸಿದ ಟೊಪ್ಪಿ ಹಾಕಿಕೊಂಡು ಅವಳು ಮನೆಯಲ್ಲೆಲ್ಲ ಬ್ಯಾ ಅಂತ ತಿರುಗುವಾಗ ಆ ಪತ್ರವನ್ನು ಎಲ್ಲಿ ಕೊಡುವುದು?

2021ರ ಮಾರ್ಚ್‌ನಲ್ಲಿ ಜನಗಣತಿ ಬಂತು. ಆನ್‌ಲೈನ್‌ನಲ್ಲಿ ತುಂಬುತ್ತಾ ಹೋದೆ. ಧರ್ಮದ ಪ್ರಶ್ನೆಯಲ್ಲಿ ಮೊದಲ ಆಯ್ಕೆಯೇ 'ಯಾವ ಧರ್ಮವೂ ಇಲ್ಲ'. ನಮ್ಮಲ್ಲಿ ಇಂಥದ್ದು ಎಲ್ಲೋ ಕೊನೆಗೆ, 'ಇತರೆ'ಯ ಸಂದಿಯಲ್ಲಿ ಇರುತ್ತದೆ. ಇಲ್ಲಿ ತಲೆಯ ಮೇಲೇ ಕೂತಿದೆ. ಗಂಡ ಪಕ್ಕದ ಕೋಣೆಯಿಂದ "ನಂಗೂ ಮಗಳಿಗೂ ಹಿಂದೂ ಅಂತ ಹಾಕು" ಅಂದರು. ಹಾಕಿದೆ. ನನ್ನ ಸಾಲಿಗೆ ಬಂದಾಗ ಕೈ ನಿಂತಿತು. ಮಗ್ಗಿ ಹೇಳುತ್ತಾ ಕಳೆದ ಇಷ್ಟು ವರ್ಷಗಳ ನಂತರ ಒಂದು ಸರ್ಕಾರ ಮರ್ಯಾದೆಯಿಂದ ಕೇಳುತ್ತಿದೆ, ಹೇಳಮ್ಮಾ ಅಂತ. ಇಲ್ಲ ಅಂತ ಒತ್ತಿದರೆ ಆಯಿತು. ಒತ್ತಲಾಗಲಿಲ್ಲ. ಹಿಂದೂ ಅಂತಲೂ ಒತ್ತಲಾಗಲಿಲ್ಲ. ಆ ಪ್ರಶ್ನೆಗೆ ಉತ್ತರ ಕಡ್ಡಾಯವಲ್ಲ, ಖಾಲಿ ಬಿಟ್ಟು ಮುಂದೆ ಹೋದೆ. ಆಮೇಲೆ ಅಂಕಿಅಂಶ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು ಅಂತ ಬರೆಸಿದವರು ಶೇ. 46.2. ಧರ್ಮವಿಲ್ಲ ಅಂದವರು ಶೇ. 37.2, ಹತ್ತು ವರ್ಷದ ಹಿಂದೆ ಅದು ಶೇ. 25.2 ಇತ್ತು. ಉತ್ತರವನ್ನೇ ಕೊಡದವರು ಶೇ. 6. ಆ ಆರರ ಲೆಕ್ಕದಲ್ಲಿ ನಾನೂ ಒಬ್ಬಳಿದ್ದೇನೆ. ಅವರೆಲ್ಲ ಯಾಕೆ ಖಾಲಿ ಬಿಟ್ಟರೋ.

ಈ ಊರಿನಲ್ಲಿ ನಂಬಿಕೆಯ ಜಗಳ ಬೀದಿ ಬೀದಿಯಲ್ಲಿ ಇದೆ. ಬ್ರಾಡ್ ಸ್ಟ್ರೀಟಿನ ನಡುವೆ ಕಲ್ಲಿನಲ್ಲಿ ಒಂದು ಶಿಲುಬೆ ಹಾಸಿದ್ದಾರೆ. 1555ರಲ್ಲಿ ಇಬ್ಬರು ಬಿಷಪ್ಪರನ್ನು, ಮರುವರ್ಷ ಆರ್ಚ್‌ಬಿಷಪ್ಪರೊಬ್ಬರನ್ನು ಅಲ್ಲಿ ಜೀವಂತ ಸುಟ್ಟರು. ಅವರು ದೇವರನ್ನು ನಂಬದವರಲ್ಲ, ಬೇರೆ ರೀತಿ ನಂಬಿದವರು. ಈಗ ಅದರ ಮೇಲೆ ಸೈಕಲ್ ಓಡುತ್ತವೆ. ಕವಿ ಶೆಲ್ಲಿಯನ್ನು ಇಲ್ಲಿನ ಕಾಲೇಜಿನಿಂದ 1811ರಲ್ಲಿ ಹೊರಗೆ ಹಾಕಿದ್ದು ನಾಸ್ತಿಕತೆಯ ಬಗ್ಗೆ ಒಂದು ಸಣ್ಣ ಪುಸ್ತಿಕೆ ತಂದದ್ದಕ್ಕೆ. ಈಗ ಅದೇ ಕಾಲೇಜಿನಲ್ಲಿ ಅವನ ಅಮೃತಶಿಲೆಯ ಪ್ರತಿಮೆ ಇದೆ. ಹೊರಗೆ ಹಾಕುವುದು, ಆಮೇಲೆ ಪ್ರತಿಮೆ ಮಾಡುವುದು. ಇದು ಎಲ್ಲ ಕಡೆ ಒಂದೇ ಥರ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಡಿಂಗ್ಟನ್ ಕ್ವಾರಿಯ ಸಣ್ಣ ಚರ್ಚಿನ ಸ್ಮಶಾನ. ನಾರ್ನಿಯಾ ಅನ್ನುವ ಮಾಯಾಲೋಕದ ಮಕ್ಕಳ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್ ಅಲ್ಲಿ ಮಲಗಿದ್ದಾರೆ. ಪುಲ್‌ಮನ್‌ಗೆ ನಾರ್ನಿಯಾ ಕಂಡರೆ ಆಗುವುದಿಲ್ಲ, ಬಹಿರಂಗವಾಗಿಯೇ ಟೀಕಿಸಿದ್ದಾರೆ. ಲೂಯಿಸ್ ಗಟ್ಟಿ ಕ್ರೈಸ್ತರು, ಪುಲ್‌ಮನ್ ನಂಬದವರು. ಮಗಳು ಮೊದಲು ನಾರ್ನಿಯಾ ಓದಿ ಆಮೇಲೆ ಲೈರಾಗೆ ಬಂದವಳು, ಅವಳಿಗೆ ಈ ಜಗಳ ಗೊತ್ತಿಲ್ಲ. ಇಬ್ಬರದ್ದೂ ಬೀರುವಿನಲ್ಲಿ ಅಕ್ಕಪಕ್ಕ ಇವೆ.

ಲೂಯಿಸ್‌ಗೆ 9 ವರ್ಷ ಇದ್ದಾಗ, 1908ರಲ್ಲಿ, ಅಮ್ಮನಿಗೆ ಕ್ಯಾನ್ಸರ್ ಆಯಿತು. ವಾಸಿ ಮಾಡು ಅಂತ ಹುಡುಗ ದೇವರನ್ನು ಬೇಡಿಕೊಂಡ. ಅಮ್ಮ ಉಳಿಯಲಿಲ್ಲ. ಹದಿವಯಸ್ಸಿನಲ್ಲಿ ಅವರು ನಾಸ್ತಿಕರಾದರು, ಮತ್ತೆ ನಂಬಿಕೆಗೆ ಮರಳಿದ್ದು ಮೂವತ್ತು ದಾಟಿದ ಮೇಲೆ. 1955ರಲ್ಲಿ ಅವರ ಆತ್ಮಕಥೆ ಬಂತು, ಈ ಪ್ರಾರ್ಥನೆಯ ಪ್ರಸಂಗ ಅದರಲ್ಲಿದೆ. ಅದೇ ವರ್ಷ ಬಂದ ನಾರ್ನಿಯಾ ಕಥೆಯಲ್ಲಿ ಡಿಗರಿ ಅನ್ನುವ ಹುಡುಗ ಇದ್ದಾನೆ, ಅವನ ತಾಯಿಯೂ ಸಾಯುವ ಹಾಗಿದ್ದಾಳೆ. ಅವನು ಬೇರೆ ಲೋಕದಿಂದ ಒಂದು ಸೇಬು ತಂದು ತಿನ್ನಿಸುತ್ತಾನೆ. ಅಮ್ಮ ಬದುಕುತ್ತಾಳೆ. ಸಮಾಧಿಯ ಕಲ್ಲಿನ ಮೇಲೆ ಷೇಕ್ಸ್‌ಪಿಯರ್‌ನ ಸಾಲೊಂದಿದೆ, ಮನುಷ್ಯರು ಇಲ್ಲಿಂದ ಹೊರಡುವುದನ್ನು ತಾಳಿಕೊಳ್ಳಲೇಬೇಕು ಅನ್ನುವ ಅರ್ಥದ್ದು. ಅಮ್ಮ ಸತ್ತ ದಿನ ಮನೆಯ ಕ್ಯಾಲೆಂಡರಿನಲ್ಲಿ ಇದ್ದ ಸಾಲು ಅದು. ಅವರ ಅಣ್ಣ ಅದನ್ನು ಕೆತ್ತಿಸಿದರು.

ಆ ಕಲ್ಲಿನ ಮುಂದೆ ನಿಂತಾಗ ನನಗೆ ಲೂಯಿಸ್‌ಗಿಂತ ಜಾಸ್ತಿ ನೆನಪಾದದ್ದು ಕುಂಕುಮದ ಕಾಗದ ಹಿಡಿದ ಆ ಹುಡುಗಿ. ಅವಳ ಹೆಸರೂ ಮರೆತಿದೆ. ಅವಳು ಮುಂದೆ ನಂಬಿದಳೋ ಬಿಟ್ಟಳೋ? ನನ್ನದು ಫಲಿಸಿ ನಾನು ಬಿಟ್ಟೆ. ಅವಳದು ಫಲಿಸದೆ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದರೂ ಇರಬಹುದು. ಲೂಯಿಸ್ ಮರಳಿದ್ದನ್ನು ನೋಡಿದರೆ ಈ ಲೆಕ್ಕಕ್ಕೆ ಸೂತ್ರ ಇದ್ದ ಹಾಗೆ ಕಾಣುವುದಿಲ್ಲ.

ಪುಲ್‌ಮನ್ ಕೂಡ ಸುಮ್ಮನೆ ಸಿಟ್ಟಿನ ಮನುಷ್ಯ ಅಲ್ಲ. ಅವರ ತಾತ ಪಾದ್ರಿ. ಬಾಲ್ಯದಲ್ಲಿ ಆ ತಾತನ ಮನೆಯಲ್ಲಿ ಬೆಳೆದವರು, ಅವರನ್ನು ತುಂಬಾ ಹಚ್ಚಿಕೊಂಡಿದ್ದವರು. ನಂಬಿಕೆ ಹೋದರೂ ಹಳೆಯ ಪ್ರಾರ್ಥನಾ ಪುಸ್ತಕದ ಭಾಷೆಯ ಮೇಲಿನ ಪ್ರೀತಿ ಹೋಗಲಿಲ್ಲ. ಇದು ತಿಳಿದ ಮೇಲೆ ಪಲ್ಲಕ್ಕಿಯ ಮುದುಕನನ್ನು ಅಷ್ಟು ಮೆತ್ತಗೆ ಯಾಕೆ ಇಳಿಸಿದರು ಅನ್ನುವುದು ನನಗೆ ನನ್ನದೇ ರೀತಿಯಲ್ಲಿ ಅರ್ಥವಾಯಿತು. ತಪ್ಪಿದ್ದರೂ ಇರಲಿ.

ಲೈರಾ ಹತ್ತಿರ ಒಂದು ಯಂತ್ರ ಇದೆ, ದಿಕ್ಸೂಚಿಯ ಥರದ್ದು. ಕೇಳಿದ್ದಕ್ಕೆ ನಿಜ ಹೇಳುತ್ತದೆ. ಇದನ್ನು ಓದುವಾಗೆಲ್ಲ ನನಗೆ ಕಾರಂತರ ಮೂಕಜ್ಜಿಯ ನೆನಪು. 1968ರ 'ಮೂಕಜ್ಜಿಯ ಕನಸುಗಳು'. ಆ ಅಜ್ಜಿ ಒಂದು ಮೂಳೆಯನ್ನೋ ಕಲ್ಲನ್ನೋ ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೆಲ್ಲ ಕಾಣುತ್ತದೆ. ದೇವರುಗಳು ಹುಟ್ಟಿದ್ದು, ಒಬ್ಬರು ಹೋಗಿ ಇನ್ನೊಬ್ಬರು ಬಂದದ್ದು, ಎಲ್ಲವನ್ನೂ ಮೊಮ್ಮಗ ಸುಬ್ಬರಾಯನಿಗೆ ಹೇಳುತ್ತಾ ಹೋಗುತ್ತಾಳೆ, ಒಂಚೂರೂ ಹೆದರಿಕೆ ಇಲ್ಲದೆ. ಈ ಕಾದಂಬರಿಗಾಗಿ ಕಾರಂತರಿಗೆ 1977ರ ಜ್ಞಾನಪೀಠ ಬಂತು. ನಾವು ಇದನ್ನು ಫ್ಯಾಂಟಸಿ ಅಂತ ಕರೆಯುವುದಿಲ್ಲ, ಅಷ್ಟೇ. ಕಾಲೇಜಿನಲ್ಲಿ ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು. ಸುಬ್ಬರಾಯನಿಗೆ ಕೇಳಲು ಒಬ್ಬ ಅಜ್ಜಿ ಇದ್ದಳು, ಅವನು ಕೇಳಿದ. ನನಗೂ ಒಬ್ಬರಿದ್ದರು.

ಶನಿವಾರ ಬಂತು. ಮಗಳು ಬಿಡಲಿಲ್ಲ. ಬಟಾನಿಕ್ ಗಾರ್ಡನ್‌ಗೆ ಹೋದೆವು. 1621ರಲ್ಲಿ ಶುರುವಾದ ತೋಟ ಅದು, ಹಿಂಭಾಗದಲ್ಲಿ ಒಂದು ಮರದ ಬೆಂಚಿದೆ. ಕಥೆಯ ಕೊನೆಗೆ ಲೈರಾ ಮತ್ತು ವಿಲ್ ಬೇರೆ ಬೇರೆ ಲೋಕಗಳಿಗೆ ಹೋಗಬೇಕಾಗುತ್ತದೆ, ವರ್ಷಕ್ಕೊಮ್ಮೆ ಅವರವರ ಲೋಕದಲ್ಲಿ ಅದೇ ಬೆಂಚಿನ ಮೇಲೆ ಕೂರೋಣ ಅಂತ ಮಾತು ಕೊಟ್ಟುಕೊಳ್ಳುತ್ತಾರೆ. ಓದಿದವರು ಬಂದು ಅದರ ಮೇಲೆ ಇಬ್ಬರ ಹೆಸರು ಕೆತ್ತಿ ಹೋಗಿದ್ದಾರೆ. ನಾವು ಆ ಅಧ್ಯಾಯಕ್ಕೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಬೆಂಚು ಯಾಕೆ ಮುಖ್ಯ ಅಂತ ಅವಳಿಗೆ ಹೇಳಲಿಲ್ಲ.

"ಹೇಳು. ದೇವರು ಸಾಯ್ತಾನಾ?"

"ಕೃಷ್ಣನೂ ಸತ್ತ ಕಣೇ" ಅಂದೆ. ಬಾಯಿಗೆ ಬಂದದ್ದು ಅದೇ. ಅವಳ ಕಣ್ಣು ಅಗಲವಾಯಿತು. ಅಲ್ಲಿಯವರೆಗೆ ಅವಳಿಗೆ ಕೃಷ್ಣ ಅಂದರೆ ಬೆಣ್ಣೆ, ಕೊಳಲು. ಯದುವಂಶದವರು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತದ್ದು, ಕೃಷ್ಣ ಒಬ್ಬನೇ ಕಾಡಿನಲ್ಲಿ ಮರಕ್ಕೆ ಒರಗಿ ಕೂತದ್ದು, ಜರ ಅನ್ನುವ ಬೇಡ ಅವನ ಕೆಂಪು ಪಾದವನ್ನು ಜಿಂಕೆಯ ಮುಖ ಅಂದುಕೊಂಡು ಬಾಣ ಬಿಟ್ಟದ್ದು, ತಪ್ಪಾಯ್ತು ಅಂತ ಕಾಲಿಗೆ ಬಿದ್ದವನಿಗೆ ಹೆದರಬೇಡ ಅಂದದ್ದು, ಎಲ್ಲ ಹೇಳಿದೆ.

"ಇದು ನಿಜವಾ?"

ಬಾಯಿ ತೆರೆದೆ. ಅಜ್ಜಿಯ ಮಾತು ನಾಲಿಗೆಯ ತುದಿಗೇ ಬಂತು. ಹೇಳಲಿಲ್ಲ. ಯಾಕೆಂದರೆ ಆಗ ಹೊಳೆಯಿತು. ಈ ಭಾಗವನ್ನು ನಾನು ಅಜ್ಜಿಗೆ ಓದಿ ಹೇಳಿಯೇ ಇರಲಿಲ್ಲ. ನನಗೆ ಇದು ಗೊತ್ತಾದದ್ದು ಆಮೇಲೆ ಎಲ್ಲೋ.

ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ಅಜ್ಜಿಯ ಭಾಗವತ ಇದೆಯಾ ಅಂತ ಕೇಳಿದೆ. "ಈಗ ಯಾಕೆ ಅದು" ಅಂತ ಗೊಣಗುತ್ತಲೇ ಎದ್ದರು. ಬೀರು ತೆರೆದ ಸದ್ದು. ಧೂಳಿಗೆ ಎರಡು ಸೀನು.

"ಸಿಕ್ತು. ಬೈಂಡು ಬಿಟ್ಟೋಗಿದೆ. ನಡುವೆ ಒಂದು ಬಸ್ ಟಿಕೆಟ್ ಇಟ್ಟಿದ್ದಾರೆ ನೋಡು, ಗುರುತಿಗೆ."

"ಎಲ್ಲಿದೆ ಅಮ್ಮಾ ಅದು? ಯಾವ ಕಥೆ?"

ಅಮ್ಮ ಕನ್ನಡಕ ಹುಡುಕಿ ಬಂದರು. ನಿಧಾನವಾಗಿ ಒಂದೆರಡು ಸಾಲು ಓದಿದರು.

"ಯಾದವರೆಲ್ಲ ಹೊಡೆದಾಡೋದು ಮುಗಿದಿದೆ. ಕೃಷ್ಣ ಹೋಗಿ ಮರದ ಕೆಳಗೆ ಕೂರ್ತಾನೆ. ಅಲ್ಲಿಗೆ ನಿಲ್ಸಿದ್ದಾರೆ." ಹಾಳೆ ತಿರುವಿದ ಸದ್ದು. "ಮೊದಲಿನ ಹಾಳೆ ಎಲ್ಲ ಎಣ್ಣೆ ಕೈ ಆಗಿ ಹಳದಿ ಆಗಿವೆ ಕಣೇ. ಇಲ್ಲಿಂದ ಮುಂದಕ್ಕೆ ಹೊಸದಾಗೇ ಇವೆ."